ಚೀಟಿ ಇಲ್ಲದೆ ಕೊಡುವುದಿಲ್ಲ

ಬಟ್ಟೆ ನೋಡಿ ಮನುಷ್ಯರನ್ನು ಅಳೆಯಬಾರದು ಎನ್ನುವವರು ಯಾರೂ ಲಾಂಡ್ರಿ ನಡೆಸಿದವರಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಅದನ್ನೇ ಮಾಡುತ್ತಿದ್ದೇನೆ, ಮೋಸ ಹೋದದ್ದು ಕಡಿಮೆ. ಕಾಲರಿನ ಒಳಮಡಿಕೆ ಹೇಳುವಷ್ಟು ನಿಜವನ್ನು ಬಾಯಿ ಹೇಳುವುದಿಲ್ಲ. ಹಾಗಾಗಿ ದತ್ತು ಕಚೇರಿಯ ಹೆಂಗಸು ನಾಲ್ಕನೆಯ ಸಲ ನಮ್ಮ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಾಗ ನಾನು ಮೊದಲು ನೋಡಿದ್ದು ಅವರ ಕೋಟಿನ ಮೂರನೆಯ ಗುಂಡಿಯನ್ನು. ಎರಡು ವರ್ಷದಿಂದ ಅದು ಒಂದೇ ಎಳೆ ದಾರದಲ್ಲಿ ನೇತಾಡುತ್ತಿತ್ತು. ಊರವರ ಮಕ್ಕಳ ಬಗ್ಗೆ ಪುಟಗಟ್ಟಲೆ ಬರೆಯಲು ಪುರಸೊತ್ತಿದೆ, ತನ್ನ ಕೋಟಿಗೆ ಒಂದು ಗುಂಡಿ ಹೊಲಿದುಕೊಳ್ಳಲು ಇಲ್ಲ.

ನಮ್ಮ ಮನೆಯಲ್ಲಿ ಅವರಿಗೆ ವರದಿಯಮ್ಮ ಎಂದು ಹೆಸರು. ಇಟ್ಟವರು ನಮ್ಮ ಅತ್ತೆ. ಎರಡು ವಿಮಾನ ಬದಲಿಸಿ ಹೋಗಿ, ಬೇರೆ ದೇಶದ ಅನಾಥಾಲಯದಿಂದ ನಾಲ್ಕೂವರೆ ವರ್ಷದ ಹುಡುಗಿಯನ್ನು ನಾನೂ ನನ್ನ ಗಂಡನೂ ಕರೆತಂದಿದ್ದೆವು. ಎರಡು ವರ್ಷದಲ್ಲಿ ನಾಲ್ಕು ಸಲ ಬಂದು, ಆ ಮಗು ನಮ್ಮನ್ನು ಹಚ್ಚಿಕೊಂಡಿದೆಯೋ ಇಲ್ಲವೋ ನೋಡಿ ಆ ದೇಶಕ್ಕೆ ಬರೆದು ಕಳಿಸುವುದು ವರದಿಯಮ್ಮನ ಕೆಲಸ. ನಾಲ್ಕನೆಯ ವರದಿ ಚೆನ್ನಾಗಿ ಹೋದರೆ ಕಡತ ಮುಚ್ಚುತ್ತದೆ, ಹುಡುಗಿ ಕಾಯಂ ನಮ್ಮವಳು. ಇಲ್ಲದಿದ್ದರೆ ಆರು ತಿಂಗಳು ಅವಳನ್ನು ಒಂದು ಮಕ್ಕಳ ಕೇಂದ್ರದಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಅವಳಿಗೆ ಯಾವ ಮನೆ ಸರಿ ಎಂದು ಮತ್ತೆ ಯೋಚಿಸುತ್ತಾರೆ. ಯೋಚಿಸುತ್ತಾರಂತೆ!

ಹುಡುಗಿಗೆ ನಾವು ಕ್ಲಿಪ್ಪು ಎನ್ನುತ್ತೇವೆ. ಬಂದ ವಾರದಲ್ಲೇ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹತ್ತೂ ಬೆರಳಿಗೆ ಸಿಕ್ಕಿಸಿಕೊಂಡು, ನೋವಾದರೂ ತೆಗೆಯದೆ ಓಡಾಡಿದ್ದಕ್ಕೆ ಬಂದ ಹೆಸರು ಅದು. ಅವಳ ಬಗ್ಗೆ ಬರೆದ ಮೊದಲ ಮೂರು ವರದಿಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದಿತ್ತು. ಮಗು ಹೊಸಬರನ್ನು ನಗುನಗುತ್ತಾ ಮಾತಾಡಿಸುತ್ತದೆ, ಸಂಕೋಚವಿಲ್ಲ, ಹಟವಿಲ್ಲ, ಹೊಂದಾಣಿಕೆ ಅತ್ಯುತ್ತಮ. ನಿಜವೇ. ವರದಿಯಮ್ಮ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕ್ಲಿಪ್ಪು ಅವರ ತೊಡೆ ಏರುತ್ತಿದ್ದಳು. ನೇತಾಡುವ ಆ ಗುಂಡಿಯನ್ನು ತಿರುಗಿಸುತ್ತಾ ಕಿಲಕಿಲ ನಗುತ್ತಿದ್ದಳು. ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಬೇಕು ಎಂಬ ನಿಯಮಕ್ಕಾಗಿ ಅವರು ಮೂಲೆಯ ಐಸ್‌ಕ್ರೀಮ್ ಅಂಗಡಿಗೆ ಕರೆದರೆ, ಒಂದು ಸಲವೂ ಹಿಂತಿರುಗಿ ನೋಡದೆ ಕೈ ಹಿಡಿದು ಹೊರಟುಬಿಡುತ್ತಿದ್ದಳು. ಎಂಥ ಬಂಗಾರದಂಥ ಮಗು ಎಂದು ಗಿರಾಕಿಗಳು ಹೇಳಿದಾಗಲೆಲ್ಲ ಅತ್ತೆ ತಾವೇ ಹೆತ್ತವರ ಹಾಗೆ ಬೀಗುತ್ತಿದ್ದರು.

ಅವಳು ಕಂಡ ಹೆಂಗಸರನ್ನೆಲ್ಲ ಅಮ್ಮಾ ಎಂದೇ ಕರೆಯುತ್ತಿದ್ದಳು. ನನ್ನನ್ನೂ, ವರದಿಯಮ್ಮನನ್ನೂ, ನೀರಿನ ಮೀಟರ್ ಓದಲು ಬರುವವಳನ್ನೂ. ಮೀಟರಿನವಳು ತಿಂಗಳಿಗೆ ಎರಡು ನಿಮಿಷ ಬಂದು ಹೋಗುವವಳು. ನಾನು ದಿನವಿಡೀ ಅವಳ ಹಿಂದೆ ಮುಂದೆ ಸುತ್ತುವವಳು. ಅವಳ ಕಣ್ಣಿನಲ್ಲಿ ಇಬ್ಬರದೂ ಒಂದೇ ದರ್ಜೆ. ಮೂರು ವರದಿಯಲ್ಲಿ ಯಾವುದರಲ್ಲೂ ಇದು ಬಂದಿರಲಿಲ್ಲ.

ಇದಕ್ಕೆ ಕಾರಣ ಯಾರೆಂದು ನನಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಬರುವಾಗ ಅವಳ ಕೈಯಲ್ಲಿ ಒಂದು ಕಂಬಳಿಯ ತುಂಡಿತ್ತು. ಬೂದು ಬಣ್ಣದ್ದೋ, ಕೊಳೆಯಾಗಿ ಬೂದಾದ ನೀಲಿಯೋ ಹೇಳುವ ಹಾಗಿರಲಿಲ್ಲ. ಎರಡು ವಿಮಾನದಲ್ಲೂ ಅದನ್ನು ಮೂಗಿಗೆ ಒತ್ತಿಕೊಂಡೇ ಕೂತಿದ್ದಳು. ಪಕ್ಕದ ಸೀಟಿನವರು ಮುಖ ಸಿಂಡರಿಸಿದ್ದರು. ಹುಳಿತ ಹಾಲು, ಫಿನಾಯಿಲು, ಉಚ್ಚೆ, ಹತ್ತಾರು ಮಕ್ಕಳ ತಲೆಯ ಜಿಡ್ಡು, ಎಲ್ಲವನ್ನೂ ನಾನು ಒಂದೊಂದಾಗಿ ಗುರುತಿಸಬಲ್ಲವಳಾಗಿದ್ದೆ. ಮನೆ ಮುಟ್ಟಿದ ಮಧ್ಯಾಹ್ನ ಅತ್ತೆ ಅವಳಿಗೆ ಸ್ನಾನ ಮಾಡಿಸುತ್ತಿದ್ದಾಗ ನನ್ನ ಕೈ ಸುಮ್ಮನಿರಲಿಲ್ಲ. ಬೇರೆ ಯಾವ ತಾಯಿಯಾಗಿದ್ದರೂ ಒಂದಿಷ್ಟು ಸೋಪಿನ ನೀರಿಗೆ ಅದ್ದಿ ಹಿಂಡಿರುತ್ತಿದ್ದಳು, ಅರ್ಧ ವಾಸನೆಯಾದರೂ ಉಳಿದಿರುತ್ತಿತ್ತು. ನಾನು ಉಳಿಸಲಿಲ್ಲ. ಕಲೆ ತೆಗೆಯುವುದರಲ್ಲಿ ನಾನು ಹೆಸರಾದವಳು. ನೆನೆಸಿದೆ, ಉಜ್ಜಿದೆ, ಬಿಸಿನೀರಿನಲ್ಲಿ ಎರಡು ಸುತ್ತು ತಿರುಗಿಸಿದೆ, ಹಬೆ ಕೊಟ್ಟೆ, ಬಿಚ್ಚಿದ ಅಂಚನ್ನು ಮಡಚಿ ಹೊಲಿದೆ. ಅದು ನೀಲಿಯೇ ಆಗಿತ್ತು. ಗಿರಾಕಿಗಳಿಗೆ ಕೊಡುವ ಹಾಗೆ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟು ಹೊಗಳಿಕೆಗೆ ಕಾಯುವವಳ ಹಾಗೆ ನಿಂತೆ.

ಕ್ಲಿಪ್ಪು ಅದನ್ನು ಬಿಚ್ಚಿ ಮೂಗಿಗೆ ಹಿಡಿದಳು. ತಿರುಗಿಸಿ ಇನ್ನೊಂದು ಬದಿ ಮೂಸಿದಳು. ನಾಲ್ಕು ಮೂಲೆಯನ್ನೂ ಮೂಸಿದಳು. ಆಮೇಲೆ ಇಸ್ತ್ರಿಯ ಗೆರೆಗಳ ಮೇಲೆಯೇ ಮಡಚಿ, ಕಾಗದದಲ್ಲಿ ಮತ್ತೆ ಸುತ್ತಿ, ನನ್ನ ಕೈಗೇ ವಾಪಸು ಕೊಟ್ಟಳು. ಇದು ನನ್ನದಲ್ಲ ಎಂದು ಗಿರಾಕಿಗಳು ಕೊಡುವುದಿಲ್ಲವೇ, ಹಾಗೆ. ಕೊಟ್ಟು ನಕ್ಕಳು. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು. ನಕ್ಕ ಮಗುವಿಗೆ ಏನು ಸಮಾಧಾನ ಹೇಳುವುದು? ಆ ಪೊಟ್ಟಣ ಇವತ್ತಿಗೂ ವಾರಸುದಾರರು ಬಾರದ ಬಟ್ಟೆಗಳನ್ನಿಡುವ ಮೇಲಿನ ಹಲಗೆಯ ಮೇಲಿದೆ.

ನಮ್ಮ ಅಂಗಡಿಯ ಕ್ರಮವನ್ನು ಇಲ್ಲಿ ಹೇಳಬೇಕು. ಯಾವ ಬಟ್ಟೆ ಬಂದರೂ ಪುಸ್ತಕದಿಂದ ಒಂದು ನಂಬರ್ ಚೀಟಿ ಹರಿಯುತ್ತೇವೆ. ಅರ್ಧ ಬಟ್ಟೆಗೆ ಪಿನ್ನು, ಅರ್ಧ ಗಿರಾಕಿಯ ಕೈಗೆ. ಎರಡೂ ನಂಬರು ಹೊಂದಿದರಷ್ಟೇ ಬಟ್ಟೆ ಹೊರಗೆ ಹೋಗುತ್ತದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಗೇಣುದ್ದದ ಅಕ್ಷರದಲ್ಲಿ ಗೋಡೆಯ ಮೇಲೆ ಬರೆಸಿದ್ದೇವೆ. ಅತ್ತೆಯ ಒಡಹುಟ್ಟಿದ ತಂಗಿಗೇ ಒಮ್ಮೆ ನಾನು ಸೀರೆ ಕೊಡದೆ ಬರಿಗೈಯಲ್ಲಿ ಕಳಿಸಿದ್ದೆ. ಆಕೆ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ವರದಿಯಮ್ಮ ಮೂರನೆಯ ಸಲ ಬಂದು ಹೋದ ಮುಂದಿನ ವಾರ, ಬೆಳಗಿನ ಗಡಿಬಿಡಿಯಲ್ಲಿ, ಕ್ಲಿಪ್ಪು ಕಾಣೆಯಾದಳು. ಯಂತ್ರಗಳ ಹಿಂದೆ ಹುಡುಕಿದೆ, ಗೋಣಿಚೀಲಗಳಲ್ಲಿ ಹುಡುಕಿದೆ, ಬೀದಿಗೆ ಓಡಿದೆ. ಬಸ್ ನಿಲ್ದಾಣದಲ್ಲಿ ಸಿಕ್ಕಳು. ರಗ್ಗು ಕೊಟ್ಟು ಹೋಗಲು ಬಂದಿದ್ದ ಅಜ್ಜಿಯೊಬ್ಬರ ಕೈ ಹಿಡಿದು ನಿಂತಿದ್ದಳು. ಒಂದು ಕಾಲು ಆಗಲೇ ಬಸ್ಸಿನ ಮೆಟ್ಟಿಲ ಮೇಲಿತ್ತು. ಪಾಪ ಆ ಅಜ್ಜಿ, ಈ ಮಗು ಇನ್ಯಾರ ಜೊತೆಯದೋ ಎಂದುಕೊಂಡಿದ್ದರಂತೆ. ನಾನು ಏದುಸಿರು ಬಿಡುತ್ತಾ ಅವಳ ತೋಳು ಹಿಡಿದೆ. ಅವಳು ನನ್ನನ್ನು ನೋಡಿ ನಕ್ಕಳು. ಅಜ್ಜಿಗೂ ಅದೇ ನಗು, ಕಂಡಕ್ಟರಿಗೂ ಅದೇ ನಗು. ಅವತ್ತು ನನಗೆ ಗೊತ್ತಾಯಿತು. ಅದು ನಗುವಲ್ಲ, ಅವಳ ಕೆಲಸ. ನಾಲ್ಕೂವರೆ ವರ್ಷ ಅನಾಥಾಲಯದ ಆ ದೊಡ್ಡ ಕೋಣೆಯಲ್ಲಿ ಬಂದವರಿಗೆಲ್ಲ ನಕ್ಕು ನಕ್ಕು ಕಲಿತ ಕೆಲಸ. ನಕ್ಕವರಿಗೆ ಒಂದು ತುತ್ತು ಹೆಚ್ಚು, ನಕ್ಕವರನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ನಾವೂ ಹಾಗೆಯೇ ತಾನೇ ಅವಳನ್ನು ಆರಿಸಿದ್ದು?

ಅಂಗಡಿಗೆ ಬಂದವಳೇ ಅವಳನ್ನು ಕೌಂಟರಿನ ಮೇಲೆ ಕೂರಿಸಿ, ಗಂಡ, ಅತ್ತೆ, ಮಡಿಕೆ ಹಾಕುವ ಇಬ್ಬರು ಹೆಂಗಸರು ಎಲ್ಲರನ್ನೂ ಕರೆದೆ.

“ಒಂದು ಕರ್ಚೀಫ್ ಕೊಡ್ಬೇಕಾದ್ರೂ ಚೀಟಿ ಕೇಳ್ತೀವಿ. ಮಗು ಹೊರಗೆ ಹೋದ್ರೆ ಯಾರೂ ಕೇಳಲ್ಲ. ಇವತ್ತಿಂದ ನನ್ನ ಮಗಳನ್ನೂ ಚೀಟಿ ಇಲ್ದೆ ಯಾರಿಗೂ ಕೊಡಲ್ಲ.”

ಮಾತಿನ ಬಿಸಿಗೆ ಹೇಳಿದ್ದು. ಆದರೆ ಹೇಳಿದ್ದನ್ನು ನಡೆಸಿದೆ. ಅವಳಿಗೆ ಊಟ ಕೊಡುವವಳು ನಾನೊಬ್ಬಳೇ, ಸ್ನಾನ ಮಾಡಿಸುವವಳು ನಾನೊಬ್ಬಳೇ, ಬಿದ್ದರೆ ಎತ್ತುವವಳೂ ನಾನೇ. ನನ್ನಿಂದ ಮೂರು ಹೆಜ್ಜೆ ದೂರ ಹೋಗುವ ಹಾಗಿಲ್ಲ. ಬಟ್ಟೆ ತಲುಪಿಸಲು ಹೋದರೆ ಅವಳೂ ವ್ಯಾನಿನಲ್ಲಿ. ಗಿರಾಕಿಗಳು ಮಿಠಾಯಿ ಚಾಚಿದರೆ ನಾನು ಅಡ್ಡ ಬರುತ್ತಿದ್ದೆ. ಅತ್ತೆ ಮುಖ ಊದಿಸಿಕೊಂಡರು. ನಾನೇನು ವಿಷ ಹಾಕ್ತೀನಾ ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳಿದರು. ಗಂಡ ಹಬೆಯ ಇಸ್ತ್ರಿಯ ಹಿಂದೆ ಮುಖ ಮರೆಸಿಕೊಂಡರು. ಇಪ್ಪತ್ತು ವರ್ಷದಿಂದ ಅತ್ತೆ ಸೊಸೆ ಮಾತು ಜೋರಾದಾಗಲೆಲ್ಲ ಅವರು ಹಬೆ ಹೆಚ್ಚು ಮಾಡುತ್ತಾರೆ. ನಾನು ಯಾವುದನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಆರು ವಾರ ಏನೂ ಆಗಲಿಲ್ಲ. ಏಳನೆಯ ವಾರ ಅವಳು ನನ್ನನ್ನು ಕಚ್ಚಿದಳು.

ಹಿತ್ತಲಿನ ಹಗ್ಗದಿಂದ ಹೊದಿಕೆ ತರಲು ಅವಳಿಗೆ ಹೇಳದೆ ಹೋಗಿದ್ದೆ, ಅಷ್ಟೇ. ತಿರುಗಿ ಬಂದರೆ ಬಾಗಿಲಲ್ಲೇ ನಿಂತಿದ್ದವಳು ನನ್ನ ಮುಂಗೈಗೆ ಬಾಯಿ ಹಾಕಿದಳು. ಎಂಟು ಹಲ್ಲಿನ ಗುರುತು. ನಾನು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಅಳುತ್ತಲೇ ನಕ್ಕೆ. ಅವಳು ಬಸ್ ನಿಲ್ದಾಣದ ಅಜ್ಜಿಯನ್ನು ಕಚ್ಚಲಿಲ್ಲ, ಮೀಟರಿನವಳನ್ನು ಕಚ್ಚಲಿಲ್ಲ. ಊರಿನಲ್ಲಿ ಅಷ್ಟು ಜನರಿರುವಾಗ ನನ್ನನ್ನು ಆರಿಸಿದ್ದಳು. ನನಗೆ ಹುಚ್ಚು ಹಿಡಿದಿದೆ ಎಂದರು ಅತ್ತೆ. ಹಿಡಿದಿರಬಹುದು.

ಅಲ್ಲಿಂದ ಮುಂದೆ ಅವಳ ಕೋಪಕ್ಕೆ ಲಂಗುಲಗಾಮಿರಲಿಲ್ಲ, ಎಲ್ಲವೂ ನನ್ನ ಪಾಲಿಗೇ. ನಾನು ಹೊರಗೆ ಹೊರಟರೆ ನನ್ನ ಒಂದು ಚಪ್ಪಲಿ ಮಾಯ. ಯಾರಾದರೂ ನನ್ನ ಜೊತೆ ನಗುತ್ತಾ ಮಾತಾಡಿದರೆ ನಡುವೆ ಬಂದು ನಿಲ್ಲುವಳು. ಹೊಸಬರನ್ನು ಕಂಡರೆ ತುಟಿ ಪಿಟಕ್ಕೆನ್ನಳು. ಎಲ್ಲರನ್ನೂ ಅಮ್ಮಾ ಎನ್ನುವುದು ನಿಂತಿತು. ನನ್ನನ್ನೂ ಕರೆಯುವುದು ನಿಂತಿತು. ಅದೊಂದು ಮಾತ್ರ ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ.

ಆಮೇಲೆ ನನ್ನ ಪಿತ್ತಕೋಶದ ಕಲ್ಲು. ಮೂರು ದಿನ ಆಸ್ಪತ್ರೆಯಲ್ಲಿರಲೇಬೇಕು ಎಂದರು. ಮೂರು ದಿನ, ನಾಲ್ಕನೆಯ ದಿನ ಬೆಳಿಗ್ಗೆ ಬರ್ತೀನಿ ಎಂದು ಕ್ಲಿಪ್ಪುವಿಗೆ ಬೆರಳೆಣಿಸಿ ಹೇಳಿದೆ. ಅವಳು ನನ್ನ ಬೆರಳನ್ನು ಮಡಚಿಟ್ಟಳು. ನಾನಿಲ್ಲದಾಗ ನಡೆದದ್ದನ್ನು ಗಂಡ ಆಮೇಲೆ ಹೇಳಿದರು. ಮೊಳೆಗೆ ನೇತುಹಾಕಿದ್ದ ನನ್ನ ಕೆಲಸದ ಏಪ್ರನ್ನನ್ನು ಮೊದಲ ದಿನವೇ ಎಳೆದುಕೊಂಡು ಹಾಸಿಗೆಗೆ ಒಯ್ದಳಂತೆ. ಹಬೆ, ಗಂಜಿ, ನನ್ನ ಬೆವರು ಎಲ್ಲ ಸೇರಿದ ಹಿಂದಿನ ದಿನದ ಕೊಳೆ ಅದರಲ್ಲಿತ್ತು. ಅವರೂ ಲಾಂಡ್ರಿಯವರೇ ತಾನೇ, ಒಗೆಯೋಣ ಎಂದು ಕೈ ಹಾಕಿದ್ದಾರೆ. ಹಲ್ಲಿನಲ್ಲಿ ಕಚ್ಚಿ ಹಿಡಿದು ಯಂತ್ರದ ಬಾಗಿಲವರೆಗೂ ನೆಲದ ಮೇಲೆ ಜಾರಿಕೊಂಡು ಬಂದಳಂತೆ, ಬಿಡಲಿಲ್ಲ. ಅವರೇ ಬಿಟ್ಟರು. ಇಪ್ಪತ್ತು ವರ್ಷದಲ್ಲಿ ನನ್ನ ಗಂಡ ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಎಂದು ನಾನು ಅವರಿಗೆ ಹೇಳಿದ್ದೇನೆ.

ಮೂರನೆಯ ದಿನ ಅವಳು ಕತ್ತರಿ ಹಿಡಿದು ಹ್ಯಾಂಗರಿನ ಸಾಲಿನ ಕೆಳಗೆ ನುಗ್ಗಿದಳು. ಅರವತ್ತಮೂರು ಅಂಗಿಗಳ ಗುಂಡಿಗಳು ಹೋದವು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟು. ನಾಲ್ಕನೆಯ ದಿನ ನಾನು ಬಂದಾಗ ಇಸ್ತ್ರಿ ಮೇಜಿನ ಕೆಳಗೆ ನನಗೆ ಬೆನ್ನು ಮಾಡಿ ಕೂತಿದ್ದಳು. ಸಂಜೆಯವರೆಗೂ ತಿರುಗಲಿಲ್ಲ. ನಾನೂ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಿದ್ದೆ. ಮರುದಿನ ನನ್ನ ಕೋಟು ಹಾಕಿಕೊಳ್ಳಲು ಹೋದರೆ ಎತ್ತಲಾರದಷ್ಟು ಭಾರ. ಎರಡೂ ಜೇಬುಗಳ ತುಂಬ ಗುಂಡಿಗಳು.

ನಾನೂ ಅತ್ತೆಯೂ ಎರಡು ದಿನ ಕೂತು ಅವನ್ನೆಲ್ಲ ಹೊಲಿದೆವು. ಬೈಯುತ್ತಲೇ ಹೊಲಿದರು ಅತ್ತೆ; ಅವರ ಸೂಜಿ ನನ್ನದಕ್ಕಿಂತ ಚುರುಕು. ಯಾರ ಗುಂಡಿ ಯಾರ ಅಂಗಿಗೆ ಹೋಯಿತೋ. ಇಬ್ಬರು ಗಿರಾಕಿಗಳು ಕೈ ಬಿಟ್ಟರು. ಹೋಗಲಿ ಎಂದೆ.

ಅದೇ ವಾರ ದತ್ತು ಕಚೇರಿಯಿಂದ ಫೋನು ಬಂತು, ಎತ್ತಿದ್ದು ಅತ್ತೆ. ಮಗು ಹೇಗಿದೆ ಎಂದು ಕೇಳಿದ್ದೇ ತಡ, ಕಚ್ಚಿದ್ದು, ಚಪ್ಪಲಿ ಬಚ್ಚಿಟ್ಟದ್ದು, ಗುಂಡಿ ಕತ್ತರಿಸಿದ್ದು ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದಾರೆ. ಮೊದಲು ಎಷ್ಟು ಚೆನ್ನಾಗಿದ್ದಳು, ಈಗ ನನ್ನ ಹತ್ತಿರವೂ ಬರಲ್ಲ ಎಂದು ಅತ್ತೂ ಬಿಟ್ಟರಂತೆ. ಕೇಡು ಬಯಸಿ ಹೇಳಿದ್ದಲ್ಲ, ದುಃಖಕ್ಕೆ ಹೇಳಿದ್ದು. ಆದರೆ ಕೇಂದ್ರಕ್ಕೆ ಕಳಿಸುವ ಅರ್ಜಿಯನ್ನೂ ವರದಿಯಮ್ಮ ಜೊತೆಗೆ ತರುತ್ತಾರಂತೆ ಎಂದು ನನಗೆ ಹೇಳುವಾಗ ಅತ್ತೆಯ ಮುಖ ಬಿಳಿಚಿಕೊಂಡಿತ್ತು.

ಭೇಟಿಯ ಬೆಳಿಗ್ಗೆ ಗಂಡ ನನ್ನ ಹತ್ತಿರ ಬಂದು ನಿಂತರು. ಒಂದೇ ಒಂದು ಗಂಟೆ, ಅವಳಿಗೆ ನಗೋಕೆ ಹೇಳಿಕೊಡು, ಅವರ ಜೊತೆ ಐಸ್‌ಕ್ರೀಮ್ ತಿಂದು ಬರಲಿ, ಆಮೇಲೆ ನಮ್ಮನ್ನು ಯಾರು ಕೇಳುತ್ತಾರೆ ಎಂದು ಬೇಡಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕ್ಲಿಪ್ಪುವಿಗೆ ಅದು ಬಾರದ ವಿದ್ಯೆಯೂ ಅಲ್ಲ. ನಾನು ಕಣ್ಣು ಮಿಟುಕಿಸಿದ್ದರೆ ಸಾಕಿತ್ತು. ಹೂಂ ಎಂಬ ಮಾತು ಬಾಯಿವರೆಗೂ ಬಂತು. ಇಸ್ತ್ರಿ ಮೇಜಿನ ಕೆಳಗೆ ಅವಳು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದದ್ದು ಕಾಣಿಸಿತು. ಆ ಗಂಟು ಕಟ್ಟಲು ಅವಳಿಗೆ ಎರಡು ವರ್ಷ ಹಿಡಿದಿತ್ತು.

“ಆಗಲ್ಲ ರೀ. ಅವಳು ಆ ಕೆಲಸ ಬಿಟ್ಟಿದ್ದಾಳೆ. ನಾನು ಮತ್ತೆ ಸೇರಿಸಲ್ಲ” ಎಂದೆ.

ಹೀಗೆ ನಾಲ್ಕನೆಯ ಸಲ ವರದಿಯಮ್ಮ ಬಂದರು. ಕಂಕುಳಲ್ಲಿ ಕಡತಗಳ ಕಟ್ಟು, ಕೋಟಿನ ಬೆನ್ನಿನಲ್ಲಿ ದೂರದ ಬಸ್ಸಿನಲ್ಲಿ ಕೂತ ಸುಕ್ಕು. ಕೈ ಚಾಚಿ ಕ್ಲಿಪ್ಪುವನ್ನು ಕರೆದರು. ಅವಳು ನನ್ನ ಬೆನ್ನ ಹಿಂದೆ ಸರಿದು ನಾನು ಕಟ್ಟಿಕೊಂಡಿದ್ದ ಹೊಸ ಏಪ್ರನ್ನಿನ ದಾರ ಹಿಡಿದಳು. ವರದಿಯಮ್ಮ ನಿಂತಲ್ಲೇ ಪೆನ್ನು ತೆಗೆದು ಒಂದು ಚೌಕದಲ್ಲಿ ಇಲ್ಲ ಎಂದು ಬರೆದರು. ಅತ್ತೆ ತಂದಿಟ್ಟ ಚಹಾ ಆರುತ್ತಿತ್ತು. ಹನ್ನೆರಡು ಪ್ರಶ್ನೆಗಳಲ್ಲಿ ಏಳಕ್ಕೆ ಇಲ್ಲ ಬಿದ್ದ ಮೇಲೆ, ಮಗು ಮಲಗುವ ಕೋಣೆ ನೋಡಬೇಕೆಂದರು. ಮಹಡಿಗೆ ಕರೆದೊಯ್ದೆ. ಚಾದರದ ಮೇಲೆ ಒಂದು ಸುಕ್ಕೂ ಇರಲಿಲ್ಲ. ದಿಂಬಿನ ಮೇಲೆ ನನ್ನ ಹಳೆಯ ಏಪ್ರನ್ನು, ಒಗೆಯದೆ ಎರಡು ತಿಂಗಳಾದದ್ದು, ಕೊಳೆಗೆ ನೆಟ್ಟಗೆ ನಿಲ್ಲುವ ಹಾಗಿತ್ತು.

“ಲಾಂಡ್ರಿಯವರ ಮನೆಯಲ್ಲಿ ಮಗುವಿಗೆ ಇಷ್ಟು ಕೊಳೆ ಬಟ್ಟೆ ಕೊಟ್ಟಿದ್ದೀರಲ್ಲ” ಎಂದರು. ಪೆನ್ನು ಮತ್ತೆ ಹೊರಬಂತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೆಳಗೆ ಬಂದವಳೇ ಆ ಕೋಟು ಬಿಚ್ಚಿ ಎಂದೆ. ಆ ಗುಂಡಿ ನೋಡುತ್ತಾ ನನ್ನ ಕೈಲಿ ಮಾತಾಡಲು ಆಗುವುದಿಲ್ಲ ಎಂದೆ. ನನ್ನ ದನಿ ಕೇಳಿ ಬಿಚ್ಚಿಕೊಟ್ಟರು. ಕೈ ರೂಢಿಯ ಮೇಲೆ ಪುಸ್ತಕದಿಂದ ಚೀಟಿ ಹರಿಯಿತು. ಅರ್ಧವನ್ನು ಕೋಟಿಗೆ ಪಿನ್ನು ಹಾಕಿ ಇನ್ನರ್ಧವನ್ನು ಅವರ ಕೈಗಿಟ್ಟೆ. ಸಿಕ್ಕಿದ ದಾರ ಪೋಣಿಸಿ ಹೊಲಿಯುತ್ತಾ ಹೇಳತೊಡಗಿದೆ. ನೀಲಿ ಕಂಬಳಿಯ ಕಥೆಯನ್ನು ಅವತ್ತೇ ನನ್ನ ಗಂಡ, ಅತ್ತೆ ಇಬ್ಬರೂ ಮೊದಲ ಸಲ ಕೇಳಿದ್ದು. ಹಬೆಯ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ.

“ಅವಳ ಹತ್ರ ಇದ್ದದ್ದು ಅದೊಂದೇ. ನಾನು ಒಗೆದು ಹಾಕಿದೆ. ಅವಳು ನಕ್ಕಳು, ನೀವು ಅತ್ಯುತ್ತಮ ಅಂತ ಬರೆದ್ರಿ. ಈಗ ನನ್ನ ಬೆವರಿನ ಬಟ್ಟೆ ಇಟ್ಕೊಂಡು ಮಲಗ್ತಾಳೆ, ನಾನು ಮೂರು ದಿನ ಇಲ್ಲ ಅಂತ ಊರವರ ಗುಂಡಿಯೆಲ್ಲ ಕಿತ್ತಾಳೆ. ಇದಕ್ಕೆ ಇಲ್ಲ ಅಂತ ಬರೀತೀರಿ. ಮೇಡಂ, ಯಾರ ಜೊತೆ ಬೇಕಾದ್ರೂ ಹೋಗೋ ಮಗು ನಿಮಗೆ ಬೇಕಾ? ಹಾಗಿದ್ರೆ ಆ ಮಗು ಈ ಮನೇಲಿ ಇಲ್ಲ. ಇಲ್ಲಿರೋದು ನನ್ನ ಮಗಳು.”

ವರದಿಯಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, ನನ್ನ ಮಾತು ಕೇಳಿ ಬರೆಯುವ ಹಾಗಿಲ್ಲ, ಮಗುವನ್ನು ನೋಡಿ ಬರೆಯಬೇಕು, ನಿಯಮ ಇರುವುದೇ ಹಾಗೆ ಎಂದರು. ಬಗ್ಗಿ, ನನ್ನ ಬೆನ್ನ ಹಿಂದಿದ್ದವಳನ್ನು ಮೃದುವಾಗಿ ಕರೆದರು. ಹೋದ ಸಲದ ಅದೇ ಐಸ್‌ಕ್ರೀಮ್ ಅಂಗಡಿ, ಅವಳೂ ಅವರೂ ಇಬ್ಬರೇ, ಹತ್ತು ನಿಮಿಷ. ಕೈ ಚಾಚಿದರು.

ಆ ಹತ್ತು ನಿಮಿಷದಲ್ಲಿ ನಮ್ಮ ಬದುಕಿತ್ತು. ಅವಳು ಆ ಕೈ ಹಿಡಿದು ಹೊರಟರೆ ಕಡತ ಮುಚ್ಚುತ್ತದೆ, ಅವಳು ನಮ್ಮಲ್ಲೇ ಉಳಿಯುತ್ತಾಳೆ. ಗಂಡನ ಕಣ್ಣು ಹೋಗು ಎನ್ನುತ್ತಿತ್ತು. ನನ್ನ ಒಳಗಿನ ಕೆಟ್ಟ ಹೆಂಗಸು ಮಾತ್ರ ಹೋಗಬೇಡ ಕಣೇ ಎನ್ನುತ್ತಿದ್ದಳು. ಬಾಯಿಗೆ ಬೀಗ ಹಾಕಿಕೊಂಡು ಸೂಜಿ ಎಳೆದೆ.

ಕ್ಲಿಪ್ಪು ನನ್ನ ಪಕ್ಕಕ್ಕೆ ಬಂದಳು. ಆ ಕೈಯನ್ನು ನೋಡಿದಳು. ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನು ನೋಡಿದಳು. ಓದಲು ಕಲಿತ ಮೇಲೆ ಅವಳು ಮೊದಲು ಓದಿದ ಸಾಲು ಅದೇ.

“ಚೀಟಿ ಎಲ್ಲಿ?” ಎಂದಳು.

ವರದಿಯಮ್ಮನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದಂತಾಗಿ ನಕ್ಕು, ಕೈಯಲ್ಲಿದ್ದ ಚೀಟಿಯನ್ನು ಮುಂದೆ ಹಿಡಿದರು. ಇದೆಯಲ್ಲ, ನೋಡು ಎಂದರು.

ಅವಳು ಅದನ್ನು ತೆಗೆದುಕೊಂಡು ನಂಬರು ಓದಿದಳು. ನನ್ನ ತೊಡೆಯ ಮೇಲಿದ್ದ ಕೋಟಿನ ಪಿನ್ನು ಹುಡುಕಿ ಅದರ ನಂಬರೂ ಓದಿದಳು. ಅಂಗಡಿಯಲ್ಲಿ ನಾನು ಮಾಡುವುದೂ ಹಾಗೆಯೇ, ಅವಸರವಿಲ್ಲದೆ.

“ಇದು ಕೋಟಿಂದು. ಕೋಟ್ ತಗೊಂಡು ಹೋಗಿ.”

ಒಳಗಿಂದ ಅತ್ತೆಯ ಗಂಟಲಲ್ಲಿ ಚಹಾ ಸಿಕ್ಕಿಕೊಂಡ ಸದ್ದು ಕೇಳಿಸಿತು. ವರದಿಯಮ್ಮ ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಹಾಗಾದರೆ ನಿನ್ನ ಚೀಟಿ ಎಲ್ಲಿದೆ ಎಂದು ಕೇಳಿದರು. ಈ ಸಲ ಅವರ ದನಿಯಲ್ಲಿ ಆಟವಿರಲಿಲ್ಲ.

ಕ್ಲಿಪ್ಪು ಫ್ರಾಕಿನ ಕೊರಳನ್ನು ತಿರುಗಿಸಿ ತೋರಿಸಿದಳು. ಮಕ್ಕಳ ಬಟ್ಟೆಗೆ ನಾವು ಹಾಕುವ ಜಾಗದಲ್ಲೇ, ಒಳಗಡೆ, ಅರ್ಧ ಚೀಟಿ ಪಿನ್ನಿನಲ್ಲಿತ್ತು. ಮಡಿಕೆ ಬಿದ್ದು ಮೆತ್ತಗಾಗಿತ್ತು, ಇವತ್ತು ಹಾಕಿದ್ದಲ್ಲ.

“ಇನ್ನರ್ಧ ಅಮ್ಮನ ಹತ್ರ ಇದೆ” ಎಂದಳು.

ಎಷ್ಟೋ ತಿಂಗಳ ಮೇಲೆ ಆ ಮಾತು ಅವಳ ಬಾಯಲ್ಲಿ ಬಂದಿತ್ತು, ಅದೂ ಒಬ್ಬಳಿಗೇ. ನನ್ನ ಹತ್ತಿರ ಯಾವ ಚೀಟಿಯೂ ಇರಲಿಲ್ಲ. ಆದರೂ ಏಪ್ರನ್ನಿನ ಜೇಬಿಗೆ ಕೈ ಹಾಕಿದೆ. ಪಿನ್ನು, ಸೀಮೆಸುಣ್ಣ, ದಾರದ ಉಂಡೆ, ಅದರ ಕೆಳಗೆ ಒಂದು ಕಾಗದದ ಚೂರು. ದಿನವೂ ನಾನು ಏಪ್ರನ್ನು ಬದಲಿಸುತ್ತೇನೆ. ದಿನವೂ ನನ್ನ ಕಣ್ಣು ತಪ್ಪಿಸಿ ಅದನ್ನು ಹೊಸದರ ಜೇಬಿಗೂ ತನ್ನ ಅರ್ಧವನ್ನು ಹೊಸ ಫ್ರಾಕಿಗೂ ಅವಳು ಸೇರಿಸುತ್ತಿದ್ದಳು. ಮೂರು ಸಾವಿರದ ನೂರಾ ಆರು. ವರದಿಯಮ್ಮ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ನಾನು ನೋಡಲಿಲ್ಲ, ನನ್ನ ಕಣ್ಣಿಗೆ ಅಷ್ಟು ಹೊತ್ತಿಗೆ ಏನೂ ಕಾಣಿಸುತ್ತಿರಲಿಲ್ಲ.

ಅವರು ಕೂತು ಬರೆದರು. ಮಗು ನನ್ನ ಜೊತೆ ಬರಲು ನಿರಾಕರಿಸಿತು ಎಂದು ಮೊದಲ ಸಾಲು. ತಲೆಕೆಳಗಾಗಿಯೂ ನಾನು ಓದಬಲ್ಲೆ. ಅದರ ಕೆಳಗಿನ ಖಾಲಿ ಜಾಗದಲ್ಲಿ ಒತ್ತೊತ್ತಾಗಿ ಬಹಳ ಬರೆದರು, ಅದು ಓದಲಾಗಲಿಲ್ಲ. ಕೇಂದ್ರದ ಅರ್ಜಿಯನ್ನು ಕಡತದಿಂದ ತೆಗೆಯಲೇ ಇಲ್ಲ. ಎದ್ದು ಚೀಟಿ ಕೊಟ್ಟು ಕೋಟು ಪಡೆದರು. ಬಾಗಿಲ ಹತ್ತಿರ ನಿಂತು ಗುಂಡಿ ಮುಟ್ಟಿ ನೋಡಿದರು.

“ದಾರ ಕೆಂಪು ಹಾಕಿದ್ದೀರಿ” ಎಂದರು.

ಸಿಟ್ಟಲ್ಲಿ ಬಣ್ಣ ಯಾರು ನೋಡುತ್ತಾರೆ ಎಂದೆ. ತಲೆಯಾಡಿಸಿ ಹೋದರು.

ಆರು ವಾರದ ಮೇಲೆ ಕಾಗದ ಬಂತು. ಕೇಂದ್ರದ ಮಾತಿಲ್ಲ, ಹುಡುಗಿ ನಮ್ಮಲ್ಲೇ ಇರುತ್ತಾಳೆ. ಆದರೆ ಕಡತವನ್ನು ಈಗಲೇ ಮುಚ್ಚುವುದಿಲ್ಲವಂತೆ. ಆರು ತಿಂಗಳ ಮೇಲೆ ಇನ್ನೊಂದು ಭೇಟಿ, ಈ ಸಲ ಮೇಲಿನ ಅಧಿಕಾರಿ ಬರುತ್ತಾರಂತೆ. ಗಂಡ ಕಾಗದವನ್ನು ಮೂರು ಸಲ ಓದಿ ನಿಟ್ಟುಸಿರು ಬಿಟ್ಟರು. ಅತ್ತೆ ಮಾತ್ರ ಸೂಜಿಯಿಂದ ಕಣ್ಣೆತ್ತದೆ, ಅವರಿಗೂ ಒಂದು ಗುಂಡಿ ಹೊಲಿದು ಕಳಿಸೋಣ ಬಿಡು ಎಂದರು. ಕ್ಲಿಪ್ಪು ಈಗ ಅತ್ತೆಯ ಕೈಯಿಂದ ಒಂದೊಂದು ತುತ್ತು ತಿನ್ನುತ್ತಾಳೆ, ನನ್ನ ಮುಖ ನೋಡಿ, ನಾನು ಹೂಂ ಎಂದ ಮೇಲೆ.

ಮೊನ್ನೆ ಒಂದು ಜಗಳದಲ್ಲಿ ನನ್ನನ್ನು ಮತ್ತೊಂದು ಸಲ ಕಚ್ಚಿದಳು. ಹಳೆಯ ಏಪ್ರನ್ನನ್ನು ಇನ್ನೂ ಒಗೆದಿಲ್ಲ. ಅಧಿಕಾರಿ ಬರಲಿ, ಅವರ ಮೇಲಿನವರೂ ಬರಲಿ, ಆ ದೇಶದಿಂದ ಎರಡು ವಿಮಾನ ಬದಲಿಸಿಕೊಂಡು ಯಾರು ಬೇಕಾದರೂ ಬರಲಿ. ಚೀಟಿ ನನ್ನ ಹತ್ತಿರ ಇದೆ.